ಹಳ್ಳದಾಚೆಯ ಕಾಂಟಾ

ಅಫಜಲಪುರದ ಬಸ್ ನಿಲ್ದಾಣದಿಂದ ಸಂತೆಯ ಕಡೆ ಹೋಗುವಾಗ ಎಡಗಡೆ ಒಂದು ತಗಡಿನ ಅಂಗಡಿ ಇದೆ. ಬೋರ್ಡು ಇಲ್ಲ. ಬಾಗಿಲ ಪಕ್ಕ ಹಳೆಯ ತಕ್ಕಡಿಯ ತಟ್ಟೆಯೊಂದು ನೇತಾಡುತ್ತದೆ, ಅಷ್ಟೇ ಗುರುತು. ಈ ಕಡೆ ತಕ್ಕಡಿಗೆ ಕಾಂಟಾ ಎನ್ನುತ್ತಾರೆ. ಮೂವತ್ತೈದು ವರ್ಷಗಳಿಂದ ಅಲ್ಲಿ ಕೂತು ಕಾಂಟಾ ರಿಪೇರಿ ಮಾಡುತ್ತಿರುವ ರಸೂಲಸಾಬರಿಗೆ ಊರಿನವರು ಇಟ್ಟ ಹೆಸರು ಕಾಂಟಾ ರಸೂಲ.

ಕೆಲಸ ಅವರ ತಂದೆಯಿಂದ ಬಂದದ್ದು. ತಂದೆ ಮೊದಲು ಕಲಿಸಿದ್ದು ಸ್ಕ್ರೂ ತಿರುಗಿಸುವುದನ್ನಲ್ಲ, ಅಂಗೈಯಲ್ಲಿ ತೂಗುವುದನ್ನು. ತೊಗರಿ ತುಂಬಿದ ಸಣ್ಣ ಸಣ್ಣ ಚೀಲಗಳನ್ನು ಕೈಗಿಟ್ಟು ಎಷ್ಟು ಎಂದು ಕೇಳುತ್ತಿದ್ದರು. ತಪ್ಪಿದರೆ ಬೈಯುತ್ತಿರಲಿಲ್ಲ, ಇನ್ನೊಂದು ಚೀಲ ಕೊಡುತ್ತಿದ್ದರು. ಹದಿನಾರು ವರ್ಷವಾಗುವಷ್ಟರಲ್ಲಿ ರಸೂಲಸಾಬರ ಕೈ ಎರಡು ಮೂರು ಕಿಲೋದ ವಸ್ತುವಿನ ತೂಕವನ್ನು ಐವತ್ತು ಗ್ರಾಂ ಆಚೀಚೆ ಹೇಳುತ್ತಿತ್ತು. ಎಲೆಕ್ಟ್ರಾನಿಕ್ ಕಾಂಟಾ ಬಂದ ಮೇಲೆ ಕೆಲಸ ಅರ್ಧಕ್ಕಿಳಿಯಿತು. ಅವರು ಅದನ್ನೂ ಬಿಚ್ಚಿ ನೋಡಿ ಕಲಿತುಕೊಂಡರು. ಹೆಂಡತಿ ಹಜರಾಬಿ ಮನೆಯಲ್ಲಿ ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುತ್ತಿದ್ದರು. ಒಬ್ಬಳೇ ಮಗಳು ಮುಸ್ಕಾನಳನ್ನು ಜೇವರ್ಗಿ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಅಳಿಯ ಅಜರುದ್ದೀನ ಮೂರು ಗಾಲಿಯ ಟಂಟಂ ಓಡಿಸುತ್ತಾನೆ. ಎಂಬತ್ತು ಮನೆಗಳ ಆ ಊರು ಹಳ್ಳದ ಆಚೆ ಇದೆ. ಮಳೆಗಾಲದಲ್ಲಿ ಅಜರುದ್ದೀನ ಟಂಟಂ ಅನ್ನು ಹಳ್ಳದ ಈಚೆಯ ದಂಡೆಯಲ್ಲೇ ಬಿಟ್ಟು, ಪ್ಯಾಂಟು ಮೇಲಕ್ಕೆ ಮಡಚಿಕೊಂಡು ನೀರು ದಾಟಿ ಮನೆಗೆ ಹೋಗುತ್ತಾನೆ.

ನಾಲ್ಕು ವರ್ಷದ ಹಿಂದಿನ ಮಾತು. ಮುಸ್ಕಾನಳಿಗೆ ಮೊದಲ ಬಸಿರು. ಎಂಟು ತಿಂಗಳು ತುಂಬಿದ ಮೇಲೆ ತವರಿಗೆ ಕರೆದುಕೊಂಡು ಬರಬೇಕೆಂದು ಮಾತಾಗಿತ್ತು. ಆದರೆ ಭಾದ್ರಪದದ ಮಳೆಯಲ್ಲಿ, ಎಂಟು ತುಂಬುವುದಕ್ಕೂ ಮೊದಲೇ ನೋವು ಬಂತು. ಫೋನು ಮಾಡಿದ್ದಕ್ಕೆ ಅಂಬುಲೆನ್ಸ್ ಬಂತು, ಆದರೆ ಹಳ್ಳದ ಈಚೆ ನಿಂತಿತು. ನೀರು ಎದೆಮಟ್ಟ ಇತ್ತು. ಊರಿನ ಇಬ್ಬರು ಮುದುಕಿಯರು ಸೇರಿ ಮನೆಯಲ್ಲೇ ಹೆರಿಗೆ ಮಾಡಿಸಿದರು. ಹೆಣ್ಣು ಕೂಸು. ಮೂರನೆಯ ದಿನ ಮಳೆ ನಿಂತಾಗ ಅಂಗನವಾಡಿ ಟೀಚರ್ ಬಂದು, ಕೂಸನ್ನು ಕೇಂದ್ರಕ್ಕೆ ಎತ್ತಿಕೊಂಡು ಹೋಗಿ, ತೊಲೆಗೆ ತೂಗುಹಾಕಿದ ಕಾಂಟಾದ ಜೋಳಿಗೆಯಲ್ಲಿಟ್ಟು ತೂಗಿದರು. ತಾಯಿ ಕಾರ್ಡಿನಲ್ಲಿ ಎರಡು ಕಿಲೋ ಆರುನೂರು ಎಂದು ಬರೆದರು. ಎರಡೂವರೆಗಿಂತ ಕಡಿಮೆ ಇದ್ದರೆ ಕೂಸು ಅಶಕ್ತ ಎಂದು ಲೆಕ್ಕ. ಅಂಥ ಮನೆಗೆ ಆಶಾ ಕಾರ್ಯಕರ್ತೆ ಮತ್ತೆ ಮತ್ತೆ ಬಂದು ನೋಡಬೇಕು, ನರ್ಸ್‌ಗೆ ತಿಳಿಸಬೇಕು. ಕಾರ್ಡಿನ ಪ್ರಕಾರ ಈ ಕೂಸು ಆ ಗೆರೆಗಿಂತ ಮೇಲಿತ್ತು. ಯಾರೂ ಬರಲಿಲ್ಲ.

ನಲವತ್ತು ದಿನ ತುಂಬಿದ ಮೇಲೆ ಅಜರುದ್ದೀನ ಮುಸ್ಕಾನಳನ್ನೂ ಕೂಸನ್ನೂ ಅಫಜಲಪುರಕ್ಕೆ ಕರೆತಂದ. ಹಜರಾಬಿ ಹೊಸಿಲಲ್ಲಿ ದೃಷ್ಟಿ ತೆಗೆದು ಕೂಸನ್ನು ಗಂಡನ ಕೈಗೆ ಕೊಟ್ಟರು. ಕೈಗೆ ಬಂದ ಕ್ಷಣವೇ ರಸೂಲಸಾಬರ ಮುಖ ಬದಲಾಯಿತು. ಕೂಸನ್ನು ಹಾಗೇ ಅಂಗಡಿಗೆ ಎತ್ತಿಕೊಂಡು ಹೋಗಿ, ತಟ್ಟೆಯ ಮೇಲೆ ಟವೆಲು ಹಾಸಿ ತೂಗಿದರು. ಎರಡು ಕಿಲೋ ಆರುನೂರೈವತ್ತು. ಕಾರ್ಡು ತರಿಸಿ ನೋಡಿದರು. ನಲವತ್ತು ದಿನದಲ್ಲಿ ಕೂಸು ಬರೀ ಐವತ್ತು ಗ್ರಾಂ ಏರಿತ್ತು.

ಅವರ ಮನೆಯ ಮಾತು ದಖ್ಖನಿ ಉರ್ದು. ಈ ಕತೆಯನ್ನೆಲ್ಲ ನನಗೆ ಹೇಳಿದ ರಸೂಲಸಾಬರು, ಆ ದಿನ ಆ ಭಾಷೆಯಲ್ಲಿ ಮಗಳಿಗೆ ಆಡಿದ ಮಾತನ್ನು ಮಾತ್ರ ಪೂರ್ತಿ ಹೇಳಲಿಲ್ಲ. ನಲವತ್ತು ದಿನ ಕೂಸನ್ನು ಉಪವಾಸ ಇಟ್ಟಿದ್ದೀಯಾ, ನೀನು ತಾಯಿಯೇ ಎಂಬ ಅರ್ಥದ ಮಾತು ಎಂದಷ್ಟೇ ಹೇಳಿದರು. ಮುಸ್ಕಾನಳ ಅತ್ತೆ ಖಾಸೀಂಬಿಯೂ ಹಳ್ಳಿಯಲ್ಲಿ ಇದನ್ನೇ ಹೇಳುತ್ತಿದ್ದರು, ಸೊಸೆಗೆ ಹಾಲಿಲ್ಲ ಎಂದು ಓಣಿಗೆಲ್ಲ ಗೊತ್ತಾಗಿತ್ತು. ತವರಿಗೆ ಬಂದರೆ ಆ ಮಾತು ತಪ್ಪೀತು ಎಂದುಕೊಂಡು ಬಂದಿದ್ದ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಕೂತಳು.

ಮರುದಿನವೇ ಕಲಬುರಗಿಯ ಆಸ್ಪತ್ರೆಗೆ ಹೋದರು. ಡಾಕ್ಟರರೂ ಕಾರ್ಡು ನೋಡಿ ಮುಸ್ಕಾನಳನ್ನೇ ನಾಲ್ಕು ಪ್ರಶ್ನೆ ಕೇಳಿದರು. ಹೊತ್ತು ಹೊತ್ತಿಗೆ ಎದೆಗೆ ಹಾಕಿಕೊಳ್ಳುತ್ತಿದ್ದೆ, ಕೂಸು ನಾಲ್ಕು ಗುಟುಕು ಕುಡಿದು ನಿದ್ದೆ ಹೋಗುತ್ತಿತ್ತು ಎಂದು ಅವಳು ಹೇಳಿದಳು. ಅಲ್ಲಿನ ನರ್ಸ್ ಕೂಸನ್ನು ತಾಯಿಯ ಎದೆಗೆ ಬರಿಮೈಗೆ ತಾಗುವಂತೆ ಕಟ್ಟಿಕೊಳ್ಳುವುದನ್ನು ಕಲಿಸಿದರು. ಕುಡಿಯಲು ಶಕ್ತಿ ಇಲ್ಲದ ಕೂಸಿಗೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸುವುದನ್ನು ತೋರಿಸಿದರು. ಹನ್ನೊಂದು ದಿನ ಇದ್ದರು. ರಸೂಲಸಾಬರು ದಿನಾ ಬೆಳಿಗ್ಗೆ ಆಸ್ಪತ್ರೆಯ ಕಾಂಟಾದ ಪಕ್ಕ ನಿಂತು ನೋಡುತ್ತಿದ್ದರು. ದಿನಕ್ಕೆ ಇಪ್ಪತ್ತೈದು ಗ್ರಾಂ, ಮೂವತ್ತು ಗ್ರಾಂ ಏರುತ್ತಿತ್ತು.

ಐದನೆಯ ದಿನವೋ ಆರನೆಯ ದಿನವೋ ಅವರಿಗೆ ಒಂದು ಸಂಶಯ ಬಂತು. ತಾಯಿ ಅವಳೇ, ಹಾಲು ಅದೇ. ಇಲ್ಲಿ ಹೀಗೆ ಏರುವ ಕೂಸು ಅಲ್ಲಿ ನಲವತ್ತು ದಿನ ನಿಂತಲ್ಲೇ ಹೇಗೆ ನಿಂತಿತು? ಕಾಂಟಾದವನ ತಲೆ, ಬೇರೆ ಯಾರಿಗೂ ಹೊಳೆಯದ ಜಾಗಕ್ಕೆ ಹೋಯಿತು. ಮೂರನೆಯ ದಿನ ಇದನ್ನು ತೂಗಿದ ಕಾಂಟಾ ಎಂಥದು?

ಮಗಳನ್ನು ಮನೆಗೆ ಕರೆತಂದ ವಾರವೇ, ಚೀಲದಲ್ಲಿ ಐದು ಕಿಲೋ, ಎರಡು ಕಿಲೋ, ಒಂದು ಕಿಲೋದ ಮುದ್ರೆ ಒತ್ತಿದ ತೂಕದ ಕಲ್ಲುಗಳನ್ನು ಹಾಕಿಕೊಂಡು, ಮೋಟಾರ್‌ಸೈಕಲ್ ಹತ್ತಿ ಬೀಗರ ಊರಿಗೆ ಹೊರಟರು. ಹಳ್ಳದ ಈಚೆ ಗಾಡಿ ನಿಲ್ಲಿಸಿ, ಎಂಟು ಕಿಲೋ ಭಾರ ಹೆಗಲ ಮೇಲಿಟ್ಟುಕೊಂಡು ಮೊಣಕಾಲಮಟ್ಟ ನೀರಿನಲ್ಲಿ ನಡೆದರು.

ಅಂಗನವಾಡಿ ಟೀಚರ್ ಶಿವಕಾಂತಾ ನಲವತ್ತರ ಹೆಂಗಸು. ಮಕ್ಕಳಿಗೆ ಊಟ ಬಡಿಸುತ್ತಿದ್ದರು. ಮುಸ್ಕಾನಳ ತಂದೆ ಎಂದು ತಿಳಿದು ಚಹಾಕ್ಕಿಟ್ಟರು. ರಸೂಲಸಾಬರು ತಾನು ಏನು ಕೆಲಸದವನು ಎಂದು ಹೇಳಿ, ನಿಮ್ಮ ಕಾಂಟಾ ಒಂದು ಸಲ ನೋಡಬಹುದೇ ಎಂದು ಕೇಳಿದರು. ಅದು ತೊಲೆಯಲ್ಲೇ ಇತ್ತು. ದುಂಡನೆಯ ಮುಖ, ಒಳಗೆ ಸ್ಪ್ರಿಂಗ್, ಕೆಳಗೆ ಕೊಕ್ಕೆ. ಮುಳ್ಳು ಸರಿಯಾಗಿ ಸೊನ್ನೆಯ ಮೇಲೆ ನಿಂತಿತ್ತು. ಅವರು ಐದು ಕಿಲೋದ ಕಲ್ಲನ್ನು ಕೊಕ್ಕೆಗೆ ತೂಗುಹಾಕಿದರು. ಮುಳ್ಳು ಐದನ್ನು ದಾಟಿ, ಐದು ಕಿಲೋ ಆರುನೂರರ ಹತ್ತಿರ ಹೋಗಿ ನಿಂತಿತು. ಎರಡು ಕಿಲೋದ್ದು ಹಾಕಿದರು. ಎರಡು ಕಿಲೋ ಇನ್ನೂರೈವತ್ತು ತೋರಿಸಿತು.

“ನಾ ದಿನಾ ಸೊನ್ನಿ ನೋಡೇ ತೂಗತೇನ್ರಿ,” ಎಂದರು ಶಿವಕಾಂತಾ.

“ಸೊನ್ನಿ ಖರೇನ ಅದರಿ ಬಾಯಿ. ಸ್ಪ್ರಿಂಗ್ ಸೋತದ. ಖಾಲಿ ಇದ್ದಾಗ ಖರೇ ಹೇಳತದ, ಕೂಸು ಹಾಕಿದ್ರ ಹೆಚ್ಚು ಹೇಳತದ.”

ಆ ಕಾಂಟಾ ಮೊದಲು ಯಾವುದೋ ರಸ್ತೆ ಬದಿಯ ಊರಿನಲ್ಲಿತ್ತು. ಆರು ವರ್ಷದ ಹಿಂದೆ ಅಲ್ಲಿಗೆ ಹೊಸದು ಬಂದಾಗ ಹಳೆಯದನ್ನು ಇಲ್ಲಿಗೆ ಕಳಿಸಿದ್ದರು. ಸುಗ್ಗಿಯಲ್ಲಿ ಊರಿನವರು ಬಂದು ಉಳ್ಳಾಗಡ್ಡಿ ಚೀಲವನ್ನೂ ಅದಕ್ಕೇ ತೂಗುಹಾಕುತ್ತಿದ್ದರು. ಬೇಡ ಎಂದರೆ ಸಿಟ್ಟಾಗುತ್ತಾರೆ ಎಂದು ಶಿವಕಾಂತಾ ಸುಮ್ಮನಿದ್ದರು. ಮುಳ್ಳು ಜಾರಿದಾಗಲೆಲ್ಲ ಸ್ಕ್ರೂ ತಿರುಗಿಸಿ ಸೊನ್ನೆಗೆ ತರುತ್ತಿದ್ದರು. ಅವರಿಗೆ ಕಲಿಸಿದ್ದು ಅಷ್ಟೇ.

ಶಿವಕಾಂತಾ ಬಾಗಿಲ ಪಕ್ಕ ಕೂತು ಊಟ ಮಾಡುತ್ತಿದ್ದ ಅಮೃತ ಎಂಬ ಮೂರು ವರ್ಷದ ಹುಡುಗಿಯನ್ನು ನೋಡಿದರು. ಕಣ್ಣಿಗೆ ಯಾವಾಗಲೂ ಸಣಕಲಾಗಿಯೇ ಕಾಣುತ್ತಿದ್ದ ಮಗು. ಕಾಂಟಾ ಸರಿ ಇದೆ ಎನ್ನುತ್ತಿತ್ತು, ಅವರು ಕಣ್ಣನ್ನು ಬಿಟ್ಟು ಕಾಂಟಾವನ್ನು ನಂಬಿದ್ದರು. ಹೋದ ವರ್ಷ ಈ ಊರಿನಲ್ಲಿ ಅಶಕ್ತ ಮಕ್ಕಳು ಎಲ್ಲಕ್ಕಿಂತ ಕಡಿಮೆ ಎಂದು ಸಭೆಯಲ್ಲಿ ಅವರಿಗೆ ಚಪ್ಪಾಳೆ ತಟ್ಟಿದ್ದರು.

“ಹಂಗಾದ್ರ ಆರು ವರ್ಸ ನಾ ಬರದದ್ದೆಲ್ಲಾ?” ಎಂದು ಕೇಳಿದರು.

ರಸೂಲಸಾಬರು ಕಲ್ಲನ್ನು ಕೊಕ್ಕೆಯಿಂದ ಇಳಿಸಿ ಚೀಲಕ್ಕೆ ಹಾಕಿದರು. ಚಹಾ ಆರಿತ್ತು, ಇಬ್ಬರೂ ಕುಡಿಯಲಿಲ್ಲ.

ಅಲ್ಲಿಂದ ಅವರು ಬೀಗರ ಮನೆಗೆ ನಡೆದರು. ಖಾಸೀಂಬಿ ಅಂಗಳದಲ್ಲಿ ಕೂತು ತೊಗರಿಬೇಳೆ ಆರಿಸುತ್ತಿದ್ದರು. ಕೂಸು ಹುಟ್ಟಿದಾಗ ಎರಡು ಕಿಲೋ ಆರುನೂರು ಇರಲಿಲ್ಲ, ಎರಡು ಕಿಲೋ ಮುನ್ನೂರೂ ಇತ್ತೋ ಇಲ್ಲವೋ, ಅದನ್ನು ಇಲ್ಲಿಯ ತನಕ ಏರಿಸಿದ್ದು ನಿಮ್ಮ ಸೊಸೆಯ ಹಾಲೇ ಎಂದು ಹೇಳಿದರು. ಖಾಸೀಂಬಿ ಮೊರವನ್ನು ಪಕ್ಕಕ್ಕಿಟ್ಟರು. ಆಮೇಲೆ, ನಾನೇ ಅಫಜಲಪುರಕ್ಕೆ ಬಂದು ಸೊಸೆಯನ್ನು ಕರೆದುಕೊಂಡು ಬರುತ್ತೇನೆ ಎಂದರು. ಓಣಿಯಲ್ಲಿ ಆಡಿದ ಮಾತಿನ ಬಗ್ಗೆ ಏನೂ ಹೇಳಲಿಲ್ಲ. ಆದರೆ ಆ ಮಾತು ಅಂದಿಗೆ ನಿಂತಿತು.

ಮನೆಗೆ ಬಂದು ರಸೂಲಸಾಬರು ಮಗಳ ಮುಂದೆ ಕೂತರು. ಅವಳು ಕೂಸನ್ನು ಎದೆಗೆ ಕಟ್ಟಿಕೊಂಡು ಕೌದಿಗೆ ದಾರ ಪೋಣಿಸುತ್ತಿದ್ದಳು. ಲೆಕ್ಕವನ್ನೆಲ್ಲ ಹೇಳಿದ ಮೇಲೆ, ತಪ್ಪು ನನ್ನದು, ಮೂವತ್ತು ವರ್ಷ ಕಾಂಟಾ ನೋಡಿದವನು ನಾನು ಮೊದಲು ಅದನ್ನು ಸಂಶಯಪಡಬೇಕಿತ್ತು, ನಿನ್ನನ್ನು ಸಂಶಯಪಟ್ಟೆ ಎಂದರು. ಮುಸ್ಕಾನ ದಾರ ಕಡಿದು, ಆ ಊರಿನಲ್ಲಿ ಇನ್ನೂ ಎಷ್ಟು ಮಕ್ಕಳನ್ನು ಅದೇ ಕಾಂಟಾದಲ್ಲಿ ತೂಗಿದ್ದಾರೆ ಅಬ್ಬಾ ಎಂದು ತಂದೆಯನ್ನು ಕೇಳಿದಳು. ಅವರು ಅಲ್ಲಿಯವರೆಗೆ ತಮ್ಮ ಮೊಮ್ಮಗಳೊಬ್ಬಳ ಬಗ್ಗೆಯೇ ಯೋಚಿಸಿದ್ದರು.

ಶಿವಕಾಂತಾ ತಾವಾಗಿಯೇ ಮೇಲ್ವಿಚಾರಕಿಗೆ ವಿಷಯ ತಿಳಿಸಿದರು. ತಮಗೆ ಬಂದ ಚಪ್ಪಾಳೆ ಸುಳ್ಳು ಎಂದು ತಾವೇ ಹೇಳಿಕೊಳ್ಳುವುದು ಸಣ್ಣ ಮಾತಲ್ಲ. ಸುವರ್ಣಾ ಎಂಬ ಆ ಮೇಲ್ವಿಚಾರಕಿಯ ಕೆಳಗೆ ಇಪ್ಪತ್ತೆರಡು ಅಂಗನವಾಡಿಗಳು. ಅವರು ರಸೂಲಸಾಬರನ್ನು ಕರೆಸಿ, ಇಪ್ಪತ್ತೆರಡನ್ನೂ ನೋಡಿಕೊಂಡು ಬರುತ್ತೀರಾ ಎಂದರು. ಪೆಟ್ರೋಲಿಗೆ ಮಾತ್ರ ಏನಾದರೂ ಮಾಡಬಲ್ಲೆ ಎಂದೂ ಹೇಳಿದರು. ರಸೂಲಸಾಬರು ಒಪ್ಪಿದರು.

ಶಾಲೆಯ ಮಕ್ಕಳ ಒಂದು ನೋಟ್‌ಬುಕ್ ಕೊಂಡು, ಪ್ರತಿ ಊರಿಗೆ ಒಂದು ಸಾಲು ಬರೆದರು. ಐದು ಕಿಲೋ ಹಾಕಿದರೆ ಎಷ್ಟು ತೋರಿಸಿತು, ಎರಡು ಹಾಕಿದರೆ ಎಷ್ಟು. ಸಾಲಿನ ಕೊನೆಗೆ ಒಂದು ಪದ: ಬಸ್ಸು, ಟಂಟಂ, ಅಥವಾ ನಡಿಗೆ. ಇದು ಯಾರಿಗೂ ತೋರಿಸಲು ಬರೆದದ್ದಲ್ಲ. ಮುಂದಿನ ಸಲ ಬರುವಾಗ ಹೇಗೆ ಬರಬೇಕು ಎಂದು ತಮಗೆ ನೆನಪಿರಲಿ ಎಂದು ಬರೆದುಕೊಂಡದ್ದು. ಎಲ್ಲಿ ಗಾಡಿ ಬಿಟ್ಟು ನಡೆಯಬೇಕೋ ಅಲ್ಲಿಗೆ ಹಗುರ ಚೀಲ ತರಬೇಕಲ್ಲ.

ಸುವರ್ಣಾ ಆ ಪುಸ್ತಕ ತಿರುವಿ ಹಾಕುವಾಗ ಕೊನೆಯ ಪದದ ಮೇಲೆ ಬೆರಳಿಟ್ಟರು. ಬಸ್ಸು ಎಂದಿದ್ದಲ್ಲಿ ಕಾಂಟಾ ಐವತ್ತು ಗ್ರಾಂ ಕೂಡ ತಪ್ಪಿರಲಿಲ್ಲ. ಟಂಟಂ ಎಂದಿದ್ದಲ್ಲಿ ನೂರು, ಇನ್ನೂರು. ನಡಿಗೆ ಎಂದಿದ್ದ ಏಳು ಊರುಗಳಲ್ಲಿ ಅರ್ಧ ಕಿಲೋಕ್ಕಿಂತ ಕಡಿಮೆ ತಪ್ಪಿದ್ದು ಒಂದೂ ಇಲ್ಲ. ಕೆಟ್ಟ ಕಾಂಟಾವನ್ನು ತಾಲೂಕಿಗೆ ತಂದುಕೊಟ್ಟರೆ ರಿಪೇರಿ ಆಗುತ್ತಿತ್ತು. ಆದರೆ ಇಪ್ಪತ್ತು ಮಕ್ಕಳನ್ನು ಬಿಟ್ಟು, ಕಾಂಟಾ ಹೊತ್ತು ನಾಲ್ಕು ಕಿಲೋಮೀಟರು ನಡೆದು, ಬಸ್ಸಿಗೆ ಕಾದು ಯಾರು ತರಬೇಕು? ರಿಪೇರಿಯವರು ತಾವೇ ಬಂದರೂ ಜೀಪು ನಿಲ್ಲುವಲ್ಲಿ ನಿಲ್ಲುತ್ತಿದ್ದರು. ನರ್ಸ್ ಕಡಿಮೆ ಬರುವುದೂ ಆ ಊರುಗಳಿಗೇ, ಅಂಬುಲೆನ್ಸ್ ಮುಟ್ಟದಿರುವುದೂ ಅಲ್ಲಿಗೇ. ಕಾಗದದಲ್ಲಿ ಮಾತ್ರ ಅಲ್ಲಿಯ ಮಕ್ಕಳು ಎಲ್ಲರಿಗಿಂತ ಗಟ್ಟಿ. ಗಟ್ಟಿ ಇದ್ದ ಕಡೆಗೆ ಹೆಚ್ಚಿನ ಆಹಾರವಾಗಲಿ ಡಾಕ್ಟರಾಗಲಿ ಯಾಕೆ ಹೋಗಬೇಕು?

ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಯಿತು. ಅಫಜಲಪುರ ತಾಲೂಕಿನ ಟೀಚರುಗಳು ಕರೆದರು, ಆಮೇಲೆ ಆಳಂದ ತಾಲೂಕಿನವರು. ಹದಿನಾಲ್ಕು ತಿಂಗಳಲ್ಲಿ ರಸೂಲಸಾಬರು ಮೂರು ತಾಲೂಕುಗಳ ನೂರಾ ಹನ್ನೆರಡು ಕೇಂದ್ರಗಳನ್ನು ನೋಡಿದರು. ವಾರದಲ್ಲಿ ಎರಡು ದಿನ ಅಂಗಡಿ ಮುಚ್ಚಿರುತ್ತಿತ್ತು. ಮಣ್ಣೂರದ ಹತ್ತಿರ ಹೊಳೆ ದಂಡೆಯ ಕಪ್ಪು ಮಣ್ಣಿನಲ್ಲಿ ಒಮ್ಮೆ ಗಾಡಿ ಹೂತು, ಎತ್ತು ಹೂಡಿ ಎಳೆಸಬೇಕಾಯಿತು. ಹಜರಾಬಿ ಮೊದಮೊದಲು ಗೊಣಗಿದರು, ಆಮೇಲೆ ತಾವೇ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡಲು ಶುರುಮಾಡಿದರು. ನಡಿಗೆ ಎಂದು ಬರೆದ ಊರುಗಳು ಒಟ್ಟು ಮೂವತ್ತೆಂಟಾದವು.

ಆ ಮೂವತ್ತೆಂಟು ಕಡೆ ಮಕ್ಕಳನ್ನು ಸರಿಯಾದ ಕಾಂಟಾದಲ್ಲಿ ಮತ್ತೆ ತೂಗಿದಾಗ, ಅರವತ್ತನಾಲ್ಕು ಇದ್ದ ಅಶಕ್ತ ಮಕ್ಕಳ ಸಂಖ್ಯೆ ನೂರಾ ಎಪ್ಪತ್ತೊಂದಾಯಿತು. ಮೇಲಿನ ಕಚೇರಿಯೊಂದರಲ್ಲಿ ಇದು ಗದ್ದಲಕ್ಕೆ ಕಾರಣವಾಯಿತು. ಸಭೆ ಕರೆದರು. ಸುವರ್ಣಾ, ಶಿವಕಾಂತಾ, ರಸೂಲಸಾಬರು ಮೂವರೂ ಹೋದರು. ಅಧಿಕಾರಿ ಕೆಟ್ಟ ಮನುಷ್ಯರೇನಲ್ಲ. ಒಂದು ವರ್ಷದಲ್ಲಿ ಹಸಿವು ಇಷ್ಟು ಹೆಚ್ಚಿದ್ದು ಹೇಗೆ ಎಂದು ತಮ್ಮ ಮೇಲಿನವರಿಗೆ ಉತ್ತರ ಹೇಳಬೇಕಾದವರು. ನೀವು ಬರುವುದಕ್ಕಿಂತ ಮೊದಲು ಎಲ್ಲ ಸರಿಯಿತ್ತು, ಕಾಂಟಾ ಬಿಚ್ಚಿ ಕೆಡಿಸಿದ್ದು ನೀವೇ ಇರಬಹುದಲ್ಲ ಎಂದು ರಸೂಲಸಾಬರನ್ನು ಕೇಳಿದರು.

ರಸೂಲಸಾಬರು ಕಚೇರಿಯಲ್ಲೇ ಪೆಟ್ಟಿಗೆಯಲ್ಲಿದ್ದ ಒಂದು ಹೊಸ ಕಾಂಟಾ ತರಿಸಲು ಕೇಳಿಕೊಂಡರು. ಅಧಿಕಾರಿಯ ಕೈಯಿಂದಲೇ ಅದಕ್ಕೆ ಐದು ಕಿಲೋದ ಕಲ್ಲು ಹಾಕಿಸಿದರು. ಐದು ತೋರಿಸಿತು. ಆಮೇಲೆ, ತಾವು ಇನ್ನೂ ಮುಟ್ಟದೆ ಇದ್ದ, ಆ ದಿನವೇ ಶಿವಕಾಂತಾ ಸುವರ್ಣಾ ಅವರ ಕೆಳಗೆ ಬಾರದ ಬೇರೊಂದು ಊರಿನಿಂದ ಹೊತ್ತು ತಂದಿದ್ದ ಹಳೆಯ ಕಾಂಟಾಕ್ಕೆ ಅದೇ ಕಲ್ಲು ಹಾಕಿಸಿದರು. ಮುಳ್ಳು ಐದು ಕಿಲೋ ಏಳುನೂರಕ್ಕೆ ಹೋಯಿತು.

“ಕೂಸುಗೋಳು ಮೊದಲೂ ಹಿಂಗ ಇದ್ವು ಸಾಹೇಬ್ರ,” ಎಂದರು ರಸೂಲಸಾಬರು. “ಕಾಗದದಾಗ ದಪ್ಪ ಇದ್ವು.”

ಅಧಿಕಾರಿ ಕಲ್ಲನ್ನು ಮತ್ತೊಮ್ಮೆ ತೆಗೆದು ಹಾಕಿ ನೋಡಿದರು. ಅಂದೇ ಒಪ್ಪಲಿಲ್ಲ. ಬೇರೆ ಸಿಬ್ಬಂದಿಯನ್ನು ಕಳಿಸಿ, ಬೇರೆ ಕಾಂಟಾದಲ್ಲಿ ತೂಗಿಸಿ ನೋಡಿದರು. ನೂರಾ ಅರವತ್ತೆಂಟು ಬಂತು. ಆಮೇಲೆ ವರದಿಗೆ ಸಹಿ ಹಾಕಿದರು. ನಡಿಗೆಯ ಊರುಗಳ ಪಟ್ಟಿಯನ್ನು ಬೇರೆಯಾಗಿ ಬರೆಯಿಸಿ ವರದಿಗೆ ಸೇರಿಸಿದವರೂ ಅವರೇ.

ಎಲ್ಲವೂ ಆಗಲಿಲ್ಲ. ಹೊಸ ಕಾಂಟಾ ಬಂದದ್ದು ಇಪ್ಪತ್ತಾರು ಊರುಗಳಿಗೆ. ಹನ್ನೆರಡು ಊರುಗಳು ಇನ್ನೂ ಕಾಯುತ್ತಿವೆ, ಅಲ್ಲಿ ರಸೂಲಸಾಬರು ಹೊಸ ಸ್ಪ್ರಿಂಗ್ ಹಾಕಿಕೊಟ್ಟಿದ್ದಾರೆ. ನರ್ಸ್ ತಿಂಗಳಿಗೊಮ್ಮೆ ಗೊತ್ತಾದ ದಿನ ಒಳಗಿನ ಊರುಗಳಿಗೆ ಬರಬೇಕೆಂದಾಯಿತು. ಬೇಸಿಗೆಯಲ್ಲಿ ಬರುತ್ತಾರೆ, ಮಳೆಗಾಲದಲ್ಲಿ ಹಳ್ಳ ಮೊದಲಿನ ಹಾಗೇ ಇದೆ. ಸೇತುವೆಯ ಮಾತು ನಡೆದಿದೆ. ಅಮೃತಳನ್ನು ತಾಲೂಕಿನ ಆಸ್ಪತ್ರೆಯಲ್ಲಿ ಎರಡು ವಾರ ಇಡಬೇಕೆಂದಾಗ ಅವಳ ತಾಯಿ ಒಪ್ಪಲಿಲ್ಲ, ಮನೆಯಲ್ಲಿ ಇನ್ನಿಬ್ಬರು ಮಕ್ಕಳಿದ್ದರು. ಶಿವಕಾಂತಾ ಆ ಇಬ್ಬರನ್ನು ಹದಿನಾಲ್ಕು ದಿನ ತಮ್ಮ ಮನೆಯಲ್ಲಿಟ್ಟುಕೊಂಡರು. ಈಗ ಅಮೃತ ಶಾಲೆಗೆ ಹೋಗುತ್ತಾಳೆ. ಮುಸ್ಕಾನಳ ಮಗಳು ಸಮ್ರೀನ ಅದೇ ಅಂಗನವಾಡಿಯಲ್ಲಿ ಕೂತು ಎಲ್ಲರಿಗಿಂತ ಗಟ್ಟಿಯಾಗಿ ಪದ್ಯ ಹೇಳುತ್ತಾಳೆ.

ಈ ವರ್ಷದ ಸಂಕ್ರಾಂತಿಯ ನಂತರ ರಸೂಲಸಾಬರು ಆಳಂದ ತಾಲೂಕಿನಲ್ಲಿ, ನರೋಣಾದಿಂದ ಒಳಗೆ ಒಂದು ಲಂಬಾಣಿ ತಾಂಡಾಕ್ಕೆ ಹೋಗಿದ್ದರು. ಅಲ್ಲಿಯ ಟೀಚರ್ ಹೀರಾಬಾಯಿ ಕಡಿಮೆ ಮಾತಿನ ಹೆಂಗಸು. ಮಕ್ಕಳ ಕಾಂಟಾ ಸರಿಯಾಗಿದೆ ಎಂದು ಹೇಳಿ ರಸೂಲಸಾಬರು ಚೀಲ ಕಟ್ಟುತ್ತಿದ್ದಾಗ ಆಕೆ ಮೂಲೆಯಲ್ಲಿದ್ದ ಇನ್ನೊಂದು ಕಾಂಟಾ ತೋರಿಸಿದರು. ಬಸುರಿಯರು ಹತ್ತಿ ನಿಲ್ಲುವಂಥದು.

“ಕೂಸಿಂದು ನೋಡಿದ್ರಿ. ತಾಯಿದು ಯಾರ್ ನೋಡ್ತಾರ್ರಿ ಅಣ್ಣಾ?”

ಅದನ್ನು ನೋಡಲು ನಲವತ್ತು ಐವತ್ತು ಕಿಲೋ ತೂಕದ ಕಲ್ಲು ಬೇಕು. ರಸೂಲಸಾಬರ ಚೀಲದಲ್ಲಿದ್ದದ್ದು ಎಂಟು ಕಿಲೋ. ಮೂರು ವರ್ಷ ಊರೂರು ತಿರುಗಿದರೂ ಆ ಕಾಂಟಾದ ಮೇಲೆ ತಮ್ಮ ಕಣ್ಣೇ ಬಿದ್ದಿರಲಿಲ್ಲವಲ್ಲ ಎಂದು ಅವರು ದಾರಿಯುದ್ದಕ್ಕೂ ಬೇಸರಪಟ್ಟರಂತೆ. ಅಫಜಲಪುರಕ್ಕೆ ಬಂದು ತೊಗರಿ ವ್ಯಾಪಾರಿ ಗುರುಶಾಂತ ಅವರ ಗೋದಾಮಿನಿಂದ ಇಪ್ಪತ್ತು ಕಿಲೋದ ಎರಡು ಕಲ್ಲುಗಳನ್ನು ಕೇಳಿ ಪಡೆದರು. ಅಳಿಯನಿಗೆ ಫೋನು ಮಾಡಿದರು. ಮುಂದಿನ ಗುರುವಾರ ಅಜರುದ್ದೀನನ ಟಂಟಂ ತಾಂಡಾದ ಕೆಳಗಿನ ದಿಬ್ಬದ ತನಕ ಹೋಯಿತು. ಅಲ್ಲಿಂದ ಮಾವ ಒಂದು, ಅಳಿಯ ಒಂದು ಹೊತ್ತುಕೊಂಡು ಹತ್ತಿದರು.

ನಲವತ್ತು ಕಿಲೋ ಇಟ್ಟರೆ ಆ ಕಾಂಟಾ ನಲವತ್ನಾಲ್ಕು ತೋರಿಸಿತು. ಬಿಚ್ಚಿ, ಒಳಗಿನ ತುಕ್ಕು ಒರೆಸಿ, ಸ್ಪ್ರಿಂಗ್ ಬದಲಾಯಿಸಿ ಸರಿಮಾಡಲು ಒಂದು ತಾಸು ಹಿಡಿಯಿತು. ಅಷ್ಟರಲ್ಲಿ ಐದಾರು ಜನ ಬಸುರಿಯರು ಬಂದು ಗೋಡೆ ನೆರಳಿನಲ್ಲಿ ಕೂತಿದ್ದರು. ಹೀರಾಬಾಯಿ ಮೊದಲನೆಯವಳನ್ನು ಕರೆದರು. ಪಲ್ಲವಿ ಎಂದು ಹೆಸರು, ಏಳನೆಯ ತಿಂಗಳು. ಚಪ್ಪಲಿ ಬಿಟ್ಟು ಹತ್ತಿ ನಿಂತಳು. ಮುಳ್ಳು ನಲವತ್ತೊಂದಕ್ಕೆ ನಿಂತಿತು.

ಹೋದ ತಿಂಗಳು ನಲವತ್ತೈದು ಇತ್ತಲ್ಲ ಎಂದು ಅವಳು ಗಾಬರಿಯಾದಳು.

“ಹೋದ ತಿಂಗಳನೂ ಇಷ್ಟ ಇರಬೇಕವ್ವಾ,” ಎಂದರು ಹೀರಾಬಾಯಿ. “ನಮಗ ಇವತ್ತು ಗೊತ್ತಾತು.”

ಅವಳನ್ನು ಚಾಪೆಯ ಮೇಲೆ ಕೂರಿಸಿ, ಬೆಳಿಗ್ಗೆಯಿಂದ ಏನು ಉಂಡಿದ್ದಾಳೆ ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡು, ಹೀರಾಬಾಯಿ ನರ್ಸ್‌ಗೆ ಫೋನು ಹಚ್ಚಿದರು. ರಸೂಲಸಾಬರು ಎರಡನೆಯವಳಿಗೆ ಕಾಂಟಾ ಸಮನಾಗಿ ನಿಲ್ಲುವಂತೆ ಅದರ ಕೆಳಗಿನ ಹಂಚಿನ ಚೂರನ್ನು ಸರಿಪಡಿಸಿದರು.